ತೇಜೋವಧೆ: ಅರ್ಥ, ಮೂಲ, ಬಳಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ತೇಜೋವಧೆ ಎಂದರೆ ಏನು?

ಮಾತಿನಿಂದ ಒಬ್ಬರ ತೇಜಸ್ಸನ್ನು ಕೊಲ್ಲುವುದು. ಇಂದಿನ ಸುದ್ದಿಭಾಷೆಯಲ್ಲಿ ಇದಕ್ಕೆ 'ಒಬ್ಬರ ಹೆಸರು, ಗೌರವ, ವರ್ಚಸ್ಸು ಜನರ ಕಣ್ಣಲ್ಲಿ ಕುಸಿಯಲಿ ಎಂದು ಬೇಕೆಂದೇ ಆಡುವ ಮಾತು, ನಡೆಸುವ ಪ್ರಚಾರ' ಎಂಬ ಅರ್ಥವಿದೆ. ಹಳೆಯ ಅರ್ಥ ಇದಕ್ಕಿಂತ ಒಳಗಿನದು: ಎದುರಿಗಿರುವವನ ಕೆಚ್ಚು ಅವನೊಳಗೇ ಆರಿಹೋಗುವಂತೆ ಮಾತಾಡುವುದು. ಒಂದರಲ್ಲಿ ಪೆಟ್ಟು ಬೀಳುವುದು ನೋಡುವವರ ಮನಸ್ಸಿನಲ್ಲಿರುವ ಅವನ ಚಿತ್ರಕ್ಕೆ, ಇನ್ನೊಂದರಲ್ಲಿ ಅವನಿಗೇ. ಈ ಪದದ ಬಗೆಗಿನ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡು ಅರ್ಥಗಳನ್ನು ಬೆರೆಸುವುದರಿಂದ ಬರುತ್ತವೆ.

ಪದವನ್ನು ಬಿಡಿಸುವುದು ಹೇಗೆ?

ತೇಜಸ್ + ವಧ. ಸಂಸ್ಕೃತದಲ್ಲಿ 'ತೇಜಸ್' ಪದದ ಕೊನೆಯ ಸಕಾರ ವಿಸರ್ಗವಾಗಿ 'ತೇಜಃ' ಆಗುತ್ತದೆ. ಆ ವಿಸರ್ಗದ ಹಿಂದೆ ಅಕಾರವಿದ್ದು, ಮುಂದೆ ಗ, ಜ, ದ, ಧ, ಬ, ಮ, ಯ, ರ, ಲ, ವದಂಥ ಮೃದು ವ್ಯಂಜನ ಬಂದರೆ 'ಅಃ' ಹೋಗಿ 'ಓ' ಬರುತ್ತದೆ. ಮನಃ + ಬಲ = ಮನೋಬಲ, ತಪಃ + ವನ = ತಪೋವನ, ಯಶಃ + ಗಾಥೆ = ಯಶೋಗಾಥೆ. ಇದು ವಿಸರ್ಗ ಸಂಧಿ. 'ತೇಜಸ್ಸಿನ ವಧೆ' ಎಂದು ಬಿಡಿಸುವುದರಿಂದ ತತ್ಪುರುಷ ಸಮಾಸ.

ಮುಂದೆ ಪ, ಕದಂಥ ಕರ್ಕಶ ವ್ಯಂಜನ ಬಂದರೆ ಈ ಓಕಾರ ಬರುವುದಿಲ್ಲ. ಆದ್ದರಿಂದ ತೇಜಃಪುಂಜ ಸರಿ, 'ತೇಜೋಪುಂಜ' ತಪ್ಪು. ತೇಜೋವಧೆ, ತೇಜೋಮಯ ಎಂಬ ಪದಗಳ ಗುಂಗಿನಲ್ಲಿ ಈ ತಪ್ಪು ಒಳ್ಳೆಯ ಬರಹಗಳಲ್ಲೂ ನುಸುಳುತ್ತದೆ.

'ವಧ' ಸಂಸ್ಕೃತದಲ್ಲಿ ಅಕಾರಾಂತ ಪುಲ್ಲಿಂಗ ಪದ. ಕನ್ನಡಕ್ಕೆ ಬಂದಾಗ ಎಕಾರ ಹಿಡಿದು 'ವಧೆ' ಆಯಿತು. ಕೀಚಕವಧೆ, ಕಂಸವಧೆ, ಪ್ರಾಣಿವಧೆ ಎಲ್ಲವೂ ಇದೇ ಪದ.

ತೇಜಸ್ಸು ಎಂದರೆ ಮುಖದ ಕಾಂತಿ ಮಾತ್ರವೇ?

ಅಲ್ಲ. ಇದು ತಿಳಿಯದಿದ್ದರೆ ತೇಜೋವಧೆಯ ತೂಕ ತಿಳಿಯುವುದಿಲ್ಲ. ತೇಜಸ್ಸಿನ ಧಾತು 'ತಿಜ್', ಅಂದರೆ ಹರಿತವಾಗು, ಹರಿತಗೊಳಿಸು. ತೀಕ್ಷ್ಣ, ಉತ್ತೇಜನ ಇದೇ ಧಾತುವಿನ ಮಕ್ಕಳು. ಸಹನೆ ಎಂಬ ಅರ್ಥದ 'ತಿತಿಕ್ಷೆ'ಯೂ ಇಲ್ಲಿಂದಲೇ ಹುಟ್ಟಿದ್ದು. ಅಲಗಿನ ಮೊನೆ, ಉರಿಯ ತುದಿ, ಬೆಂಕಿ, ಬೆಳಕು, ಕಸುವು, ಪ್ರಭಾವ ಹೀಗೆ ತೇಜಸ್ಸಿನ ಅರ್ಥ ಬೆಳೆದಿದೆ. ಪಂಚಭೂತಗಳ ಪಟ್ಟಿಯಲ್ಲಿ ಬೆಂಕಿಗೆ ಇಟ್ಟ ಹೆಸರೂ ತೇಜಸ್ಸೇ. ಭಗವದ್ಗೀತೆ 16ನೇ ಅಧ್ಯಾಯದಲ್ಲಿ ದೈವೀ ಗುಣಗಳನ್ನು ಎಣಿಸುವಾಗ ತೇಜಸ್ಸನ್ನು ಕ್ಷಮೆ, ಧೃತಿಗಳ ಪಕ್ಕದಲ್ಲೇ ಇರಿಸುತ್ತದೆ.

ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉತ್ತರ ಸಿಗುವುದು ನಾಟ್ಯಶಾಸ್ತ್ರದ ಪರಂಪರೆಯಲ್ಲಿ. ಅಲ್ಲಿ ನಾಯಕನಿಗೆ ಎಂಟು ಗುಣಗಳನ್ನು ಹೇಳಿದೆ: ಶೋಭೆ, ವಿಲಾಸ, ಮಾಧುರ್ಯ, ಗಾಂಭೀರ್ಯ, ಸ್ಥೈರ್ಯ, ತೇಜಸ್ಸು, ಲಲಿತ, ಔದಾರ್ಯ. ಇವುಗಳಲ್ಲಿ ತೇಜಸ್ಸಿಗೆ ಕೊಟ್ಟ ಲಕ್ಷಣ ಹೀಗಿದೆ: ಪರರು ಮಾಡಿದ ನಿಂದೆ, ಅವಮಾನಗಳನ್ನು ಪ್ರಾಣ ಹೋದರೂ ಸಹಿಸದಿರುವುದು. ಧನಂಜಯ ಎಂಬ ಲಾಕ್ಷಣಿಕ ಬರೆದ ನಾಟಕಲಕ್ಷಣದ ಗ್ರಂಥ ದಶರೂಪಕವೂ ಇದನ್ನೇ ಹೇಳುತ್ತದೆ.

ಅಂದರೆ ತೇಜಸ್ಸು ಎಂಬುದರ ವ್ಯಾಖ್ಯೆಯಲ್ಲೇ ನಿಂದೆಯ ಎದುರು ನಿಲ್ಲುವ ಶಕ್ತಿ ಸೇರಿದೆ. ಆ ಶಕ್ತಿಯನ್ನೇ ಇಲ್ಲವಾಗಿಸಿ, ಅವಮಾನವನ್ನು ನುಂಗಿಕೊಂಡು ಕೂರುವ ಸ್ಥಿತಿಗೆ ಒಬ್ಬನನ್ನು ತಳ್ಳುವುದು ತೇಜೋವಧೆ. 'ಹೆಸರಿಗೆ ಕಳಂಕ' ಎಂಬುದು ಇದರ ಪಕ್ಕದಲ್ಲಿ ಹಗುರವಾಗಿ ಕಾಣುತ್ತದೆ.

ಈ ಪದ ಮೊದಲು ಎಲ್ಲಿ ಬರುತ್ತದೆ? ಮಹಾಭಾರತದ್ದು ಎನ್ನುತ್ತಾರಲ್ಲ?

ಈ ಪದದ ಅತ್ಯಂತ ಪ್ರಸಿದ್ಧ ಸಂದರ್ಭ ಮಹಾಭಾರತದ್ದು, ಉದ್ಯೋಗಪರ್ವದ ಮೊದಲ ಭಾಗದ್ದು. ಮದ್ರದೇಶದ ಅರಸ ಶಲ್ಯ ಮಾದ್ರಿಯ ಸೋದರ, ನಕುಲ-ಸಹದೇವರ ಸೋದರಮಾವ. ಪಾಂಡವರ ಕಡೆ ಸೇರಲೆಂದು ಸೇನೆ ಕಟ್ಟಿಕೊಂಡು ಹೊರಟವನಿಗೆ ದಾರಿಯುದ್ದಕ್ಕೂ ಭಾರೀ ಸತ್ಕಾರ ಸಿಗುತ್ತದೆ. ಏರ್ಪಾಡು ಯುಧಿಷ್ಠಿರನದೇ ಎಂದುಕೊಂಡು ಮೆಚ್ಚಿ, ಇದನ್ನು ಮಾಡಿಸಿದವನಿಗೆ ವರ ಕೊಡುತ್ತೇನೆ ಎನ್ನುತ್ತಾನೆ. ಎದುರಿಗೆ ಬಂದು ನಿಲ್ಲುವವನು ದುರ್ಯೋಧನ. ಮಾತು ಕೊಟ್ಟಾಗಿದೆ, ಶಲ್ಯ ಕೌರವರ ಪಾಲಾಗುತ್ತಾನೆ.

ಆಮೇಲೆ ಅವನು ಪಾಂಡವರು ಬೀಡುಬಿಟ್ಟಿದ್ದ ಉಪಪ್ಲವ್ಯಕ್ಕೆ ಬಂದು ಯುಧಿಷ್ಠಿರನಿಗೆ ನಡೆದದ್ದನ್ನು ಹೇಳುತ್ತಾನೆ. ಯುಧಿಷ್ಠಿರ ಬೈಯುವುದಿಲ್ಲ, ಒಂದು ಕೆಲಸ ಒಪ್ಪಿಸುತ್ತಾನೆ. ಕರ್ಣಾರ್ಜುನರ ಯುದ್ಧ ಬಂದಾಗ ಕರ್ಣನಿಗೆ ನೀನೇ ಸಾರಥಿಯಾಗುತ್ತೀಯೆ, ಆಗ ಅರ್ಜುನನನ್ನು ಕಾಪಾಡು, 'ತೇಜೋವಧಶ್ಚ ತೇ ಕಾರ್ಯಃ ಸೌತೇರಸ್ಮಜ್ಜಯಾವಹಃ' – ಸೂತಪುತ್ರನ ತೇಜೋವಧೆಯನ್ನು ನೀನು ಮಾಡಬೇಕು, ಅದರಿಂದ ನಮಗೆ ಜಯ. ಕೂಡಲೇ ಇನ್ನೊಂದು ಮಾತು ಸೇರಿಸುತ್ತಾನೆ: ಇದು ಮಾಡಬಾರದ ಕೆಲಸ, ಆದರೂ ಮಾವಾ, ನೀನು ಮಾಡಬೇಕು.

ಇದು 'ಅಕರ್ತವ್ಯ', ಅಂದರೆ ಮಾಡಬಾರದ್ದು, ಎಂದು ಬೇಡಿಕೆ ಇಟ್ಟವನೇ ಒಪ್ಪಿಕೊಂಡಿದ್ದಾನೆ ಎಂಬುದನ್ನು ಮರೆಯಬಾರದು. ಧರ್ಮರಾಯನ ಬಾಯಿಂದಲೇ ಬಂದಿದ್ದರೂ ಈ ಪದಕ್ಕೆ ಮೊದಲಿನಿಂದಲೂ ತಪ್ಪಿನ ಅರಿವು ಅಂಟಿಕೊಂಡಿದೆ. ಭೀಷ್ಮಪರ್ವದಲ್ಲಿ, ಯುದ್ಧ ಶುರುವಾಗುವ ಮೊದಲು ಹಿರಿಯರ ಆಶೀರ್ವಾದ ಬೇಡಿ ಹೋದಾಗ, ಯುಧಿಷ್ಠಿರ ಶಲ್ಯನಿಗೆ ಅದೇ ವರವನ್ನು ಅದೇ ಪದದಲ್ಲಿ ನೆನಪಿಸುತ್ತಾನೆ.

ಶಲ್ಯ ತೇಜೋವಧೆಯನ್ನು ಮಾಡಿದ ಬಗೆ ಹೇಗೆ?

ಅದು ಬರೀ ಬೈಗುಳವಾಗಿರಲಿಲ್ಲ. ಕರ್ಣಪರ್ವವನ್ನು ಓದಿದರೆ ಅದರ ಕಟ್ಟಡ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಅವನು ಮಾತಾಡುವ ಪರವಾನಗಿ ಪಡೆಯುತ್ತಾನೆ. ಸೂತನ ಮಗನಿಗೆ ಸಾರಥಿಯಾಗುವುದೇ ತನಗೆ ಅವಮಾನ ಎಂದು ಸಿಡಿದು, ದುರ್ಯೋಧನ ಸಮಾಧಾನ ಮಾಡಿದ ಮೇಲೆ, ಕರ್ಣನ ಎದುರು ನನಗೆ ತೋಚಿದ್ದನ್ನೆಲ್ಲ ಹೇಳುತ್ತೇನೆ ಎಂಬ ಷರತ್ತು ಹಾಕುತ್ತಾನೆ. ಕರ್ಣನೂ ಒಪ್ಪುತ್ತಾನೆ. ಹೀಗೆ ಕೇಡಿನ ಮಾತಿಗೆ ಕೇಳುಗನ ಒಪ್ಪಿಗೆಯೇ ಸಿಕ್ಕಿಬಿಡುತ್ತದೆ.

ಎರಡನೆಯದು ಸಮಯದ ಆಯ್ಕೆ. ಯುದ್ಧದ 17ನೇ ದಿನ ರಥ ಹೊರಟು, ಕರ್ಣನ ಉತ್ಸಾಹ ಏರುವ ಗಳಿಗೆಗಳಲ್ಲೇ ಶಲ್ಯ ಬಾಯಿ ತೆರೆಯುತ್ತಾನೆ. ಅರ್ಜುನನನ್ನು ತೋರಿಸಿದವರಿಗೆ ಇಷ್ಟು ರತ್ನ, ಇಷ್ಟು ಹಸು ಕೊಡುತ್ತೇನೆ ಎಂದು ಕರ್ಣ ಸಾರಿದಾಗ, ಸುಮ್ಮನೆ ಯಾಕೆ ಹಣ ಚೆಲ್ಲುತ್ತೀಯೆ, ಇವತ್ತು ಅವನು ತಾನಾಗಿಯೇ ನಿನ್ನ ಕಣ್ಣಿಗೆ ಬೀಳುತ್ತಾನೆ ಎನ್ನುತ್ತಾನೆ.

ಮೂರನೆಯದು ಹೋಲಿಕೆ. ಎದುರಾಳಿಯನ್ನು ಹೊಗಳುತ್ತ ಕೇಳುಗನನ್ನು ಕುಗ್ಗಿಸುವುದು. ಅದಕ್ಕೆ ಹೇಳುವ ಕಥೆ ಹಂಸ ಮತ್ತು ಕಾಗೆಯದು. ಶ್ರೀಮಂತ ವೈಶ್ಯನೊಬ್ಬನ ಮಕ್ಕಳ ಎಂಜಲು ತಿಂದು ಕೊಬ್ಬಿದ ಕಾಗೆ, ನನಗೆ ನೂರೊಂದು ಬಗೆಯ ಹಾರಾಟ ಗೊತ್ತು ಎಂದು ಹಂಸಕ್ಕೆ ಸವಾಲು ಹಾಕುತ್ತದೆ. ಹಂಸಕ್ಕೆ ಗೊತ್ತಿರುವುದು ಒಂದೇ ಬಗೆ. ಕಡಲ ಮೇಲೆ ಹಾರುತ್ತ ಹಾರುತ್ತ ಕಾಗೆ ಸೋತು ನೀರಿಗೆ ಬೀಳುತ್ತದೆ, ಕೊನೆಗೆ ಹಂಸವೇ ಹೊತ್ತು ತರಬೇಕಾಗುತ್ತದೆ. ಧೃತರಾಷ್ಟ್ರನ ಮಕ್ಕಳ ಎಂಜಲಲ್ಲಿ ಬೆಳೆದ ನೀನೂ ಹಾಗೆಯೇ ಎಂಬುದು ಕಥೆಯ ಕೊಕ್ಕೆ. ಕರ್ಣನಿಗೆ ಹುಟ್ಟಿನಿಂದ ನೋಯುತ್ತಿದ್ದ ಜಾಗವೇ ಅದು. ಶಲ್ಯ ಅವನ ಬಿಲ್ವಿದ್ಯೆಯಲ್ಲಿ ತಪ್ಪು ಹುಡುಕಲಿಲ್ಲ. ನೀನು ಯಾರು ಎಂಬುದನ್ನೇ ಕೆಣಕಿದ.

ನಾಲ್ಕನೆಯದನ್ನು ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ: ಇದನ್ನೆಲ್ಲ ಆಡಿದವನು ಶತ್ರುವಿನ ಸ್ಥಾನದಲ್ಲಿ ಇರಲಿಲ್ಲ. ಲಗಾಮು ಹಿಡಿದವನು, ಯೋಧ ಬೆನ್ನು ಕೊಟ್ಟು ನಂಬಲೇಬೇಕಾದವನು.

ಹಾಗಾದರೆ ಅದರಿಂದಲೇ ಕರ್ಣ ಸೋತನೇ?

ಹಾಗೆ ಹೇಳಲಾಗದು. ಕರ್ಣ ತಿರುಗಿ ಮದ್ರದೇಶದವರನ್ನೆಲ್ಲ ಕಟುವಾಗಿ ಬೈಯುತ್ತಾನೆ, ತಾನು ಹೆದರುವುದಕ್ಕೆ ಹುಟ್ಟಿದವನಲ್ಲ ಎನ್ನುತ್ತಾನೆ, ಕೃಷ್ಣಾರ್ಜುನರ ಬಲ ತನಗೆ ಶಲ್ಯನಿಗಿಂತ ಚೆನ್ನಾಗಿ ಗೊತ್ತು ಎನ್ನುತ್ತಾನೆ. ಅವನ ಸಾವಿಗೆ ಪರಶುರಾಮರ ಶಾಪ, ಬ್ರಾಹ್ಮಣನ ಶಾಪ, ನೆಲ ನುಂಗಿದ ರಥದ ಗಾಲಿ ಎಂಬ ಕಾರಣಗಳನ್ನು ಕಾವ್ಯ ಮುಂದಿಡುತ್ತದೆ. ಕುಮಾರವ್ಯಾಸನಲ್ಲಂತೂ ಶಲ್ಯನ ಚಿತ್ರವೇ ಬೇರೆ: ಸರ್ಪಾಸ್ತ್ರವನ್ನು ಮತ್ತೆ ತೊಡು ಎಂಬ ತನ್ನ ಸಲಹೆಯನ್ನು ಕರ್ಣ ಕೇಳದಿದ್ದಾಗ ಸಿಟ್ಟಿನಿಂದ ರಥ ಬಿಟ್ಟು ಹೋಗುತ್ತಾನೆ. ತಾಳಮದ್ದಳೆಯಲ್ಲಿ ಕರ್ಣಪರ್ವ ನಡೆದಾಗ ಶಲ್ಯನ ಮಾತು ದ್ರೋಹವೋ ಹಿತವಚನವೋ ಎಂಬುದನ್ನು ಅರ್ಥಧಾರಿಗಳು ಇಂದಿಗೂ ಬೇರೆ ಬೇರೆಯಾಗಿ ಬಿಡಿಸಲು ಅವಕಾಶವಿರುವುದು ಇದರಿಂದಲೇ.

ಮೂದಲಿಕೆಗೂ ತೇಜೋವಧೆಗೂ ಏನು ವ್ಯತ್ಯಾಸ?

ಮೂದಲಿಕೆ ಕೆರಳಿಸುತ್ತದೆ, ತೇಜೋವಧೆ ಆರಿಸುತ್ತದೆ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನನನ್ನು ಭೀಮ ಮೂದಲಿಸುತ್ತಾನೆ. ಆ ಆರ್ಭಟ ಕೇಳಿ ಉರಗಪತಾಕ (ಹಾವಿನ ಬಾವುಟದ ದುರ್ಯೋಧನ) ನೀರೊಳಗಿದ್ದೂ ಬೆವರಿದ ಎಂಬ ಮಾತನ್ನು ಕನ್ನಡ ಬಲ್ಲವರು ಮರೆಯಲಾರರು. ಆ ಬೆವರು ಭಯದ್ದಲ್ಲ, ರೋಷದ್ದು. ಮೂದಲಿಕೆಗೆ ತೇಜಸ್ಸು ಉಕ್ಕಿತು, ಅವನು ನೀರಿನಿಂದ ಎದ್ದು ಬಂದ. ಭೀಮನಿಗೆ ಬೇಕಾದದ್ದೂ ಅದೇ. ಶಲ್ಯನಿಗೆ ಒಪ್ಪಿಸಿದ್ದ ಕೆಲಸ ಇದಕ್ಕೆ ತದ್ವಿರುದ್ಧ: ಎದ್ದು ನಿಂತವನು ಒಳಗೊಳಗೇ ಕೂರುವಂತೆ ಮಾಡುವುದು.

ಅರ್ಥ 'ಹೆಸರು ಕೆಡಿಸುವುದು' ಎಂದು ಬದಲಾದದ್ದು ಹೇಗೆ?

ತೇಜಸ್ಸು ಬೆಳಕು. ಬೆಳಕು ಇದ್ದವನಿಗೂ ಉಂಟು, ನೋಡುವವರಿಗೂ ಕಾಣುತ್ತದೆ. ಹೀಗಾಗಿ ಒಳಗಿನ ಕೆಚ್ಚಿನಿಂದ ಹೊರಗಿನ ಪ್ರಭಾವಕ್ಕೆ ಅರ್ಥ ಜಾರುವುದು ಸಹಜ. ಸಾರ್ವಜನಿಕ ಜೀವನದಲ್ಲಿ ಇರುವವರ ಬಲ ಜನಾಭಿಪ್ರಾಯದಲ್ಲೇ ಇರುವುದರಿಂದ, ಅದನ್ನು ಕೆಡಿಸಿದರೆ ತೇಜಸ್ಸನ್ನೇ ಕೊಂದಂತೆ. ವರ್ಚಸ್ಸು ಎಂಬ ಪದದ ಮೂಲಾರ್ಥವೂ ಹೊಳಪೇ. ಕಳಂಕ, ಮಸಿ ಬಳಿಯುವುದು ಎಂಬ ಮಾತುಗಳೂ ಹೆಸರನ್ನು ಬೆಳಕು ಎಂದು ತಿಳಿದೇ ಹುಟ್ಟಿದವು.

ಮಲಯಾಳದಲ್ಲಿಯೂ 'ತೇಜೋವಧಂ' ಇದೇ ಹೊಸ ಅರ್ಥದಲ್ಲಿ ಬಳಕೆಯಲ್ಲಿದೆ. ಹಿಂದಿ 'ಚರಿತ್ರ ಹನನ' ಎನ್ನುತ್ತದೆ, ಮರಾಠಿ 'ಚಾರಿತ್ರ್ಯಹನನ' ಎನ್ನುತ್ತದೆ. ಕನ್ನಡದ 'ಚಾರಿತ್ರ್ಯವಧೆ'ಯೂ ಆ ಸಾಲಿನದು, ನಡತೆಯ ಮೇಲಿನ ಆರೋಪಕ್ಕೆ ಸೀಮಿತ. ತೇಜೋವಧೆಯ ಹರವು ದೊಡ್ಡದು. ಒಬ್ಬರ ವಿದ್ವತ್ತನ್ನು, ಸಾಮರ್ಥ್ಯವನ್ನು, ಹುಟ್ಟನ್ನು ಹೀನಾಯ ಮಾಡಿದರೂ ಅದು ತೇಜೋವಧೆಯೇ.

ಮಾನಹಾನಿ, ಮಾನನಷ್ಟ, ಅಪವಾದ, ನಿಂದೆ, ಚಾಡಿ – ಇವೆಲ್ಲ ಒಂದೇ ಅಲ್ಲವೇ?

ಒಂದೇ ಕುಟುಂಬ, ಬೇರೆ ಬೇರೆ ಕೆಲಸ.

ಮಾನಹಾನಿಯ 'ಮಾನ' ಬಂದದ್ದು 'ಮನ್' ಧಾತುವಿನಿಂದ, ಎಂದರೆ ಎಣಿಸು, ಬಗೆ. ಇತರರು ನಮ್ಮನ್ನು ಬಗೆಯುವ ರೀತಿಯೇ ಮಾನ. ಸನ್ಮಾನ, ಅವಮಾನ, ಅಭಿಮಾನ, ಬಹುಮಾನ ಈ ಕಡೆಯವು. ಉಷ್ಣಮಾನ, ಪರಿಮಾಣಗಳಲ್ಲಿರುವುದು ಅಳತೆಯ ಅರ್ಥದ 'ಮಾ' ಧಾತು, ಅದಕ್ಕೂ ಇದಕ್ಕೂ ನಂಟಿಲ್ಲ. 'ಹಾನಿ'ಯ ಧಾತು 'ಹಾ', ಬಿಟ್ಟುಹೋಗು. 'ಹೀನ' ಎಂಬುದೂ ಇದರದೇ ರೂಪ. ಮಾನನಷ್ಟದ 'ನಷ್ಟ' ಸಂಸ್ಕೃತದಲ್ಲಿ 'ಕಳೆದುಹೋದ' ಎಂಬ ವಿಶೇಷಣ, ಕನ್ನಡದಲ್ಲಿ ನಾಮಪದವಾಗಿ ನಿಂತಿದೆ. ಮಾನಹಾನಿ, ಮಾನನಷ್ಟ ಎರಡೂ ಆದ ನಷ್ಟವನ್ನು ಹೇಳುತ್ತವೆ. ತೇಜೋವಧೆ ಮಾಡಿದ ಕೃತ್ಯವನ್ನು ಹೇಳುತ್ತದೆ.

ಅಪವಾದಕ್ಕೆ ಎರಡು ಮುಖ: ಕೆಟ್ಟ ಮಾತು, ಮತ್ತು ನಿಯಮಕ್ಕೆ ಹೊರತಾದದ್ದು. ಅಪವಾದ ಹೊರಿಸಲು ಒಂದು ನಿರ್ದಿಷ್ಟ ತಪ್ಪು ಬೇಕು, ತೇಜೋವಧೆಗೆ ಬೇಕಿಲ್ಲ. ನಿಂದೆ ಎದುರಿಗೂ ಆಗಬಹುದು, ಹಿಂದಿನಿಂದಲೂ ಆಗಬಹುದು. ಚಾಡಿ ಯಾವಾಗಲೂ ಹಿಂದಿನಿಂದ, ಅದೂ ಅಧಿಕಾರ ಇರುವವರ ಕಿವಿಗೆ.

ಒಂದು ಎಚ್ಚರಿಕೆ: ಹೆಸರು ಕೆಡಿಸಿದ್ದಕ್ಕೆ 'ಮಾನಭಂಗ' ಎಂದು ಬರೆಯಬೇಡಿ. ಅಕ್ಷರಾರ್ಥ ಹತ್ತಿರವಿದ್ದರೂ ಇಂದಿನ ಕನ್ನಡದಲ್ಲಿ ಅದು ಹೆಣ್ಣಿನ ಮೇಲಿನ ಲೈಂಗಿಕ ದೌರ್ಜನ್ಯವನ್ನು ಹೇಳುವ ಪದ. ಇದನ್ನು ತಪ್ಪಿ ಬಳಸಿದರೆ ವರದಿಯ ಅರ್ಥವೇ ಅಪಾಯಕಾರಿಯಾಗಿ ತಿರುಗುತ್ತದೆ.

ಕಾನೂನಿನಲ್ಲಿ ತೇಜೋವಧೆ ಅಪರಾಧವೇ?

ತೇಜೋವಧೆ ಕಾನೂನಿನ ಪದವಲ್ಲ. ಭಾರತದ ಕಾನೂನಿನಲ್ಲಿ ಅಪರಾಧವಾಗಿರುವುದು ಮಾನಹಾನಿ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅದು 499 ಮತ್ತು 500ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಶಿಕ್ಷೆ 2 ವರ್ಷದವರೆಗಿನ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಪರಿಹಾರ ಕೋರಿ ಸಿವಿಲ್ ದಾವೆಯನ್ನೂ ಹೂಡಬಹುದು, ಅದಕ್ಕೆ ಕಾಲಮಿತಿ 1 ವರ್ಷ.

ಮಾನಹಾನಿ ಎನಿಸಬೇಕಾದರೆ ಆರೋಪ ಮೂರನೆಯ ವ್ಯಕ್ತಿಗೆ ಮುಟ್ಟಿರಬೇಕು, ಇತರರ ದೃಷ್ಟಿಯಲ್ಲಿ ಆ ವ್ಯಕ್ತಿ ಕೀಳಾಗಬೇಕು. ರಥದ ಮೇಲೆ ಇಬ್ಬರೇ ಇದ್ದಾಗ ಶಲ್ಯ ಕರ್ಣನ ಕಿವಿಗೆ ಹಾಕಿದ ಮಾತು ಈ ಅಳತೆಯಲ್ಲಿ ಮಾನಹಾನಿಯೇ ಅಲ್ಲ. ಪದದ ಹಳೆಯ ಅರ್ಥಕ್ಕೂ ಕಾನೂನಿಗೂ ಇರುವ ದೂರ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: 'ನಿಜ ಹೇಳಿದರೆ ಮಾನಹಾನಿ ಆಗುವುದಿಲ್ಲ'. ಸಿವಿಲ್ ದಾವೆಯಲ್ಲಿ ಸತ್ಯ ಪೂರ್ಣ ರಕ್ಷಣೆ. ಕ್ರಿಮಿನಲ್ ಪ್ರಕರಣದಲ್ಲಿ ಅದು ಸತ್ಯವೂ ಆಗಿರಬೇಕು, ಸಾರ್ವಜನಿಕ ಹಿತಕ್ಕಾಗಿಯೂ ಹೇಳಿರಬೇಕು. ದೂರು ಬರೆಯುವಾಗ 'ತೇಜೋವಧೆ ಮಾಡಿದ್ದಾರೆ' ಎಂದಷ್ಟೇ ಬರೆದರೆ ಸಾಲದು. ಆಡಿದ ಮಾತು ಯಾವುದು, ಯಾವ ದಿನ, ಎಲ್ಲಿ, ಯಾರ ಎದುರು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಬೇಕು.

ಟೀಕೆ ಎಲ್ಲಿ ಮುಗಿಯುತ್ತದೆ, ತೇಜೋವಧೆ ಎಲ್ಲಿ ಶುರುವಾಗುತ್ತದೆ?

ಮಾತು ಯಾವುದರ ಮೇಲೆ ನಿಂತಿದೆ ನೋಡಿ. 'ಈ ಲೆಕ್ಕದಲ್ಲಿ ತಪ್ಪಿದೆ' ಎಂಬುದು ಟೀಕೆ, ಅದಕ್ಕೆ ಲೆಕ್ಕ ತೋರಿಸಿ ಉತ್ತರ ಕೊಡಬಹುದು. 'ಇಂಥವರಿಗೆ ಲೆಕ್ಕ ಎಲ್ಲಿಂದ ಬರಬೇಕು' ಎಂಬುದಕ್ಕೆ ಉತ್ತರವೇ ಇಲ್ಲ. ತಿದ್ದಿಕೊಳ್ಳಲು ದಾರಿ ಬಿಡದ ಮಾತು ತೇಜೋವಧೆಯ ಕಡೆಗೆ ವಾಲುತ್ತದೆ.

ಇದರ ತಿರುವುಮುರುವೂ ನಡೆಯುತ್ತದೆ. ಆಧಾರ ಇಟ್ಟು ಕೇಳಿದ ಪ್ರಶ್ನೆಗೆ 'ನನ್ನ ತೇಜೋವಧೆ ನಡೆಯುತ್ತಿದೆ' ಎಂದು ಉತ್ತರಿಸುವುದು ಈ ಪದಕ್ಕೆ ಮಾಡುವ ಅನ್ಯಾಯ. ವರದಿಗಾರರು ಇಂಥ ಮಾತನ್ನು ಹೇಳಿದವರ ಬಾಯಲ್ಲೇ ಇಡಬೇಕು: 'ತೇಜೋವಧೆ ನಡೆಯುತ್ತಿದೆ ಎಂದು ಅವರು ದೂರಿದರು' ಎನ್ನಬಹುದು, 'ತೇಜೋವಧೆಗೆ ಗುರಿಯಾದ ಅವರು' ಎಂದರೆ ಪತ್ರಿಕೆಯೇ ತೀರ್ಪು ಕೊಟ್ಟಂತೆ.

ವಾಕ್ಯದಲ್ಲಿ ಹೇಗೆ ಬಳಸಬೇಕು?

'ಅವರ ತೇಜೋವಧೆ ಮಾಡಿದರು' ಸರಿ. 'ಅವರನ್ನು ತೇಜೋವಧೆ ಮಾಡಿದರು' ಎಂಬುದು ಕಿವಿಗೆ ಒಗ್ಗಿದ್ದರೂ ತಪ್ಪು. ವಧೆಯಾಗುವುದು ತೇಜಸ್ಸು, ಆದ್ದರಿಂದ ಆ ತೇಜಸ್ಸು ಯಾರದು ಎಂದು ಷಷ್ಠಿಯಲ್ಲಿ ಹೇಳಬೇಕು. ತೇಜೋವಧೆಗೆ ಯತ್ನಿಸು, ತೇಜೋವಧೆಗೆ ಇಳಿ, ತೇಜೋವಧೆಗೆ ಗುರಿಯಾಗು ಎಲ್ಲವೂ ಸಲ್ಲುತ್ತವೆ.

ಸಂಸ್ಥೆಗೆ, ಊರಿಗೆ, ಸರಕಿಗೆ ಈ ಪದ ಹೊಂದುವುದಿಲ್ಲ. ಕಾನೂನು ಕಂಪನಿಗೂ ಮಾನ ಉಂಟೆಂದು ಒಪ್ಪುತ್ತದೆ, ಆದರೆ ಕೆಚ್ಚು ಇರುವುದು ಮನುಷ್ಯನಿಗೆ. ಅಲ್ಲಿ 'ಹೆಸರಿಗೆ ಧಕ್ಕೆ' ಎಂದರೆ ಸಾಕು.

ಕನ್ನಡದ್ದೇ ಪದ ಬೇಕಾದರೆ?

ಯಾವ ಅರ್ಥ ಬೇಕು ಎಂಬುದರ ಮೇಲೆ ಹೋಗುತ್ತದೆ. ಜನರ ಕಣ್ಣಲ್ಲಿ ಕೀಳು ಮಾಡುವುದಕ್ಕೆ ಹೆಸರು ಕೆಡಿಸು, ಇಲ್ಲಸಲ್ಲದ್ದು ಹೇಳು, ಕೆಸರು ಎರಚು. ಒಳಗಿನ ಬಲ ಕುಗ್ಗಿಸುವುದಕ್ಕೆ ಎದೆಗೆಡಿಸು, ಕಂಗೆಡಿಸು. ಎರಡನ್ನೂ ಒಟ್ಟಿಗೆ ಹಿಡಿಯುವ ಒಂಟಿ ಪದ ಸಿಗುವುದಿಲ್ಲ, ತೇಜೋವಧೆ ಉಳಿದುಕೊಂಡಿರುವುದು ಅದಕ್ಕೇ.

ಸರಿಯಾದ ಕಾಗುಣಿತ ಯಾವುದು?

ತೇಜೋವಧೆ. 'ತೇ'ಯೂ ದೀರ್ಘ, 'ಜೋ'ವೂ ದೀರ್ಘ, ಧ ಮಹಾಪ್ರಾಣ. ಸಂಸ್ಕೃತದಲ್ಲಿ ಏಕಾರ, ಓಕಾರಗಳಿಗೆ ಹ್ರಸ್ವವೇ ಇಲ್ಲ, ಆದ್ದರಿಂದ 'ತೇಜೊವಧೆ' ತಪ್ಪು. ವಿಸರ್ಗ ಸಂಧಿಯನ್ನು ಕೈಬಿಟ್ಟ 'ತೇಜವಧೆ', ಅಲ್ಪಪ್ರಾಣದ 'ತೇಜೋವದೆ' ಎರಡೂ ತಪ್ಪು. 'ತೇಜೋ ವಧೆ' ಎಂದು ಬಿಡಿಸಿ ಬರೆಯುವುದೂ ಸಲ್ಲ, ಏಕೆಂದರೆ 'ತೇಜೋ' ಎಂಬುದು ಒಂಟಿಯಾಗಿ ನಿಲ್ಲುವ ಪದವಲ್ಲ. ಒಂಟಿಯಾಗಿ ನಿಲ್ಲುವುದು 'ತೇಜಸ್ಸು' ಅಥವಾ 'ತೇಜ'.